ಒಂದೇ ಡಬ್ಬಿಯ ಬಲ್ಬು: ಜಗಲಿಯಲ್ಲಿ ಆರು ವರ್ಷ, ಬಚ್ಚಲಲ್ಲಿ ಏಳು ತಿಂಗಳು. ಯಾಕೆ?

ಹಿತ್ತಲಮನೆ_ಶಿರಸಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ತೋಟದ ಮನೆ. ಹೊಸ ಬಲ್ಬ್ ಹಾಕುವಾಗ ಅದರ ಕುತ್ತಿಗೆ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆಯುವುದು ನನ್ನ ಅಭ್ಯಾಸ. ವಾರಂಟಿಗೆ ಹೋದಾಗ ಅಂಗಡಿಯವರು "ಯಾವಾಗ ತಗೊಂಡಿದ್ದು?" ಅಂದರೆ ಉತ್ತರ ಇರಲಿ ಅಂತ ಶುರು ಮಾಡಿದ್ದು. ಈಗ ಆ ತಾರೀಖುಗಳೇ ನನ್ನ ತಲೆ ತಿನ್ನುತ್ತಿವೆ.

2018ರ ದೀಪಾವಳಿಗೆ 9 ವ್ಯಾಟ್‌ನ ಹತ್ತು ಎಲ್‌ಇಡಿ ಬಲ್ಬ್ ಒಟ್ಟಿಗೆ ತಂದೆವು. ಒಂದೇ ಕಂಪನಿ, ಒಂದೇ ಡಬ್ಬಿ. ಜಗಲಿಯದು ಆರು ವರ್ಷ ದಾಟಿ ಇನ್ನೂ ಉರಿಯುತ್ತಿದೆ. ಬಚ್ಚಲಮನೆಯದು ಏಳೇ ತಿಂಗಳಿಗೆ ಹೋಯಿತು. ಅದೇ ಡಬ್ಬಿಯ ಇನ್ನೊಂದು ಹಾಕಿದೆ, ಎಂಟು ತಿಂಗಳು. ಬೇರೆ ಕಂಪನಿಯದು ತಂದು ಹಾಕಿದೆ, ಅದೂ ವರ್ಷ ತುಂಬಲಿಲ್ಲ. ಈ ಶ್ರಾವಣದಲ್ಲಂತೂ ಅಡುಗೆಮನೆ, ಕೊಟ್ಟಿಗೆ, ಹಿತ್ತಲು, ಮೂರೂ ಕಡೆಯ ಬಲ್ಬ್ ಒಂದೇ ವಾರದಲ್ಲಿ ಹೋದವು.

ಇನ್ನೊಂದು ಮಾತು. ಜಗಲಿಯ ಬಲ್ಬ್ ಉರಿಯುತ್ತದೆ ನಿಜ, ಆದರೆ ಮಾವನವರು ಸಂಜೆ ಪೇಪರ್ ಓದುವ ಕುರ್ಚಿಯನ್ನು ವರ್ಷದಿಂದ ವರ್ಷಕ್ಕೆ ದೀಪದ ಹತ್ತಿರ ಎಳೆದುಕೊಳ್ಳುತ್ತಿದ್ದಾರೆ. ಕಣ್ಣು ಮಂಜಾಯಿತೇನೋ ಅಂತ ಆಸ್ಪತ್ರೆಗೂ ಕರೆದುಕೊಂಡು ಹೋಗಿ ಬಂದೆವು. ಕಣ್ಣು ಸರಿಯಾಗಿದೆ ಅಂದರು.

ಪ್ಯಾಕೆಟ್ ಮೇಲೆ 25,000 ಗಂಟೆ ಅಂತ ಬರೆದಿರುತ್ತಾರಲ್ಲ, ಆ ಲೆಕ್ಕ ಏನು? ತಿಳಿದವರು ಹೇಳಿ.

ವೈರ್‌ಮನ್_ಹಾಸನ:

ಅಕ್ಕಾ, ತಾರೀಖು ಬರೆದಿಟ್ಟಿದ್ದು ತುಂಬಾ ಒಳ್ಳೆಯದಾಯಿತು. ಇಪ್ಪತ್ತೆರಡು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದೇನೆ, ಹೀಗೆ ಬರೆದಿಡುವ ಮನೆ ಎರಡು ನೋಡಿದ್ದೇನೆ ಅಷ್ಟೇ. ನಿಮ್ಮ ಲೆಕ್ಕದಲ್ಲೇ ಉತ್ತರ ಇದೆ. ಮೂರು ಬೇರೆ ಬೇರೆ ವಿಷಯ ಸೇರಿಕೊಂಡಿವೆ.

ಮೊದಲು ಬಚ್ಚಲು. ಒಂದೇ ಜಾಗದ ಬಲ್ಬ್ ಪದೇ ಪದೇ ಹೋದರೆ ಬಿಸಿಯ ಮೇಲೆ ಅನುಮಾನಪಡಿ. ಎಲ್‌ಇಡಿ ಬಲ್ಬಿನ ಕುತ್ತಿಗೆಯೊಳಗೆ ಒಂದು ಸಣ್ಣ ಬೋರ್ಡ್ ಇರುತ್ತದೆ, ಡ್ರೈವರ್ ಅಂತೀವಿ. ಅದರಲ್ಲಿರುವ ಕೆಪಾಸಿಟರ್ ಒಳಗಿನ ದ್ರವ ಬಿಸಿಗೆ ಒಣಗುತ್ತಾ ಬರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಬಚ್ಚಲಲ್ಲಿ ಹಂಡೆ ಒಲೆ ಇದೆಯಾ? ಬಲ್ಬ್ ಅದರ ಮೇಲೇ ಇದೆಯಾ? ಸುತ್ತ ಗಾಜಿನ ಬುರುಡೆ ಹಾಕಿದ್ದೀರಾ?

ಎರಡನೆಯದು ಜಗಲಿ. ಎಲ್‌ಇಡಿ ಹಳೆ ಬಲ್ಬಿನ ಹಾಗೆ ಟಪ್ ಅಂತಲೇ ಹೋಗಬೇಕೆಂದಿಲ್ಲ, ನಿಧಾನಕ್ಕೆ ಮಂಕಾಗುತ್ತದೆ. 25,000 ಗಂಟೆ ಅಂದರೆ ಸಾಮಾನ್ಯವಾಗಿ ಬೆಳಕು ನೂರರಲ್ಲಿ ಎಪ್ಪತ್ತಕ್ಕೆ ಇಳಿಯುವವರೆಗಿನ ಲೆಕ್ಕ. ಅದು ಬೆಳಕು ಕೊಡುವ ಎಲ್‌ಇಡಿ ಚಿಪ್‌ನ ಲೆಕ್ಕ, ಡ್ರೈವರ್ ಅಷ್ಟು ದಿನ ತಡೆಯಬೇಕೆಂದೇನೂ ಇಲ್ಲ. ದಿನಕ್ಕೆ 5 ಗಂಟೆ ಉರಿಸಿದರೆ 25,000 ಗಂಟೆಗೆ 13 ವರ್ಷಕ್ಕೂ ಜಾಸ್ತಿ ಆಗುತ್ತದೆ. ಕೊಟ್ಟಿಗೆಯಲ್ಲಿ ರಾತ್ರಿಯಿಡೀ 12 ಗಂಟೆ ಉರಿದರೆ ಆರು ವರ್ಷವೂ ಇಲ್ಲ. ಮಾವನವರ ಕಣ್ಣು ಸರಿಯಾಗಿದೆ, ಬಲ್ಬಿಗೆ ವಯಸ್ಸಾಗಿದೆ.

ಮೂರನೆಯದಕ್ಕೆ ನನಗೆ ನಿಜಕ್ಕೂ ಆತಂಕ. ಮೂರು ಕಡೆ ಒಂದೇ ವಾರದಲ್ಲಿ ಹೋದರೆ ಬಲ್ಬಿನ ತಪ್ಪಲ್ಲ, ಲೈನಿನ ತಪ್ಪು. ಫ್ರಿಜ್ಜಿಗೆ ಸ್ಟೆಬಿಲೈಜರ್ ಇದ್ದರೆ ಅದರ ಮೇಲೆ ವೋಲ್ಟೇಜ್ ಅಂಕಿ ಕಾಣುತ್ತದಾ ನೋಡಿ. ಸಂಜೆ ಏಳಕ್ಕೆ, ರಾತ್ರಿ ಹನ್ನೊಂದಕ್ಕೆ, ಬೆಳಗ್ಗೆ ಐದಕ್ಕೆ ಬರೆದುಕೊಳ್ಳಿ. ಇನ್ನೊಂದು: ಪಕ್ಕದ ಮನೆಯಲ್ಲಿ ಗ್ರೈಂಡರ್, ಪಂಪು ಶುರುವಾದಾಗ ನಿಮ್ಮ ಲೈಟ್ ಮಂಕಾಗುತ್ತದಾ, ಅಥವಾ ಜಾಸ್ತಿ ಬೆಳಗುತ್ತದಾ?

ತೋಟದಜ್ಜ:

ತಂಗೀ, ಬಚ್ಚಲಿಗೆ ಹಳೆ 40 ವ್ಯಾಟ್ ಬಲ್ಬೇ ಹಾಕು. ಹಂಡೆ ಬಿಸಿ, ಹೊಗೆ, ಉಗಿ ಯಾವುದಕ್ಕೂ ಜಗ್ಗುವುದಿಲ್ಲ. ಸರ್ಕಾರದ ಭಾಗ್ಯಜ್ಯೋತಿ ಯೋಜನೆಯಲ್ಲಿ ಕೊಟ್ಟ ಒಂದೇ ಬಲ್ಬಿನ ಬೆಳಕಲ್ಲಿ ನಮ್ಮ ಊರಲ್ಲಿ ಮಕ್ಕಳು ಓದಿ ಮುಂದೆ ಬಂದಿದ್ದಾರೆ.

ವೈರ್‌ಮನ್_ಹಾಸನ:

ಅಜ್ಜಾ, ಬಿಸಿಯ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. ತಂತಿ ಕೆಂಪಗೆ ಕಾದೇ ಬೆಳಕು ಕೊಡುವ ಬಲ್ಬಿಗೆ ಹಂಡೆಯ ಬಿಸಿ ಏನೂ ಅಲ್ಲ. ಆದರೆ ಅದರ ಆಯಸ್ಸು ಸುಮಾರು 1,000 ಗಂಟೆ ಮಾತ್ರ, ದಿನಕ್ಕೆ 5 ಗಂಟೆಯಂತೆ ಆರೂವರೆ ತಿಂಗಳು. ವೋಲ್ಟೇಜ್ ನೂರಕ್ಕೆ ಐದು ಏರಿದರೂ ಅದು ಸುಮಾರು ಅರ್ಧವಾಗುತ್ತದೆ. ಅಕ್ಕನ ಮನೆಯ ಲೈನಿನಲ್ಲಿ ಅದೂ ಉಳಿಯುವುದು ಕಷ್ಟ.

ಬನಶಂಕರಿ_ಫ್ಲ್ಯಾಟ್:

ನಮ್ಮ ಹಾಲಿನಲ್ಲಿ ಚಾವಣಿಗೆ ಅಂಟಿದ ಗುಂಡು ಗಾಜಿನ ಲೈಟ್ ಇದೆ. ಒಳಗೆ ಎರಡು ಎಲ್‌ಇಡಿ, ವರ್ಷಕ್ಕೊಮ್ಮೆ ಹೋಗುತ್ತಿದ್ದವು. ಗಾಜು ತೆಗೆದು ಬರೀ ಬಲ್ಬ್ ಬಿಟ್ಟ ಮೇಲೆ ನಾಲ್ಕನೇ ವರ್ಷ ನಡೆಯುತ್ತಿದೆ. ಹಾಗೇ ಒಂದು ಪ್ರಶ್ನೆ: ಹಳೆ ಸಿಎಫ್ಎಲ್ ಐದಾರು ಉಳಿದಿವೆ. ಟಾಯ್ಲೆಟ್‌ಗೆ ಹಾಕಬಹುದಾ?

ವೈರ್‌ಮನ್_ಹಾಸನ:

ಟಾಯ್ಲೆಟ್‌ಗೆ ಬೇಡ. ಪದೇ ಪದೇ ಆನ್ ಆಫ್ ಮಾಡಿದರೆ ಸಿಎಫ್ಎಲ್ ಬೇಗ ಹೋಗುತ್ತದೆ. ಪೂರ್ತಿ ಬೆಳಕು ಬರಲೂ ಒಂದು ನಿಮಿಷ ಬೇಕು. ಸಂಜೆ ಹಾಕಿ ಮಲಗುವಾಗ ಆರಿಸುವ ಜಾಗಕ್ಕೆ ಹಾಕಿ. ಒಡೆಯದಂತೆ ನೋಡಿಕೊಳ್ಳಿ, ಒಳಗೆ ಪಾದರಸ ಇದೆ. ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿರಿ, ಪೊರಕೆ ಹಾಕಬೇಡಿ, ದಪ್ಪ ಕಾಗದದಲ್ಲಿ ಚೂರು ಎತ್ತಿ.

ಹಿತ್ತಲಮನೆ_ಶಿರಸಿ:

ಅಣ್ಣಾ, ನೀವು ಹೇಳಿದಂತೆ ನಾಲ್ಕು ದಿನ ಬರೆದಿಟ್ಟೆ. ಸಂಜೆ ಏಳಕ್ಕೆ 171, 176, 169, 174. ರಾತ್ರಿ ಹನ್ನೊಂದಕ್ಕೆ 262, 268, 259, 266. ಬೆಳಗ್ಗೆ ಐದಕ್ಕೂ 255ರ ಮೇಲೆಯೇ. ಪಕ್ಕದ ಮನೆಯಲ್ಲಿ ದೋಸೆ ಹಿಟ್ಟು ರುಬ್ಬಲು ಶುರು ಮಾಡಿದರೆ ನಮ್ಮ ಲೈಟ್ ಜಾಸ್ತಿ ಬೆಳಗುತ್ತದೆ! ಇಷ್ಟು ದಿನ ಅದನ್ನು ಒಳ್ಳೆಯದು ಅಂದುಕೊಂಡಿದ್ದೆ. ಬಚ್ಚಲ ಬಲ್ಬ್ ಹಂಡೆಯ ನೇರ ಮೇಲೆ, ಗಾಜಿನ ಬುರುಡೆಯೊಳಗೇ ಇದೆ.

ವೈರ್‌ಮನ್_ಹಾಸನ:

ಅಕ್ಕಾ, ಇವತ್ತೇ ದೂರು ಕೊಡಿ. ಕಂಬದಲ್ಲೋ ಟಿಸಿಯಲ್ಲೋ (ಟ್ರಾನ್ಸ್‌ಫಾರ್ಮರ್) ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಸಡಿಲವಾಗಿರುವ ಲಕ್ಷಣ ಇದು. ಕಂಬದಲ್ಲಿ ಕರೆಂಟ್ ತರುವ ಮೂರು ತಂತಿಗೆ ಫೇಸ್ ಅಂತೀವಿ, ಸಾಮಾನ್ಯವಾಗಿ ಒಂದು ಮನೆಗೆ ಒಂದು. ನ್ಯೂಟ್ರಲ್ ಗಟ್ಟಿಯಿದ್ದರೆ ಮೂರೂ ಫೇಸಿನ ಮನೆಗಳಿಗೂ 230ರ ಆಸುಪಾಸು ಬರುತ್ತದೆ. ಸಡಿಲವಾದರೆ ಲೋಡ್ ಜಾಸ್ತಿ ಇರುವ ಫೇಸಿನಲ್ಲಿ ವೋಲ್ಟೇಜ್ ಇಳಿದು, ಕಡಿಮೆ ಇರುವ ಫೇಸಿನಲ್ಲಿ ಏರುತ್ತದೆ. ಪೂರ್ತಿ ಕಳಚಿದರೆ 400ರ ಹತ್ತಿರವೂ ಹೋಗಬಹುದು. ಆಗ ಹೋಗುವುದು ಬಲ್ಬ್ ಮಾತ್ರ ಅಲ್ಲ, ಫ್ರಿಜ್ಜು, ಟಿವಿ ಎಲ್ಲ. ಸರಿಮಾಡುವವರೆಗೆ ರಾತ್ರಿ ಅವುಗಳ ಪ್ಲಗ್ ತೆಗೆದಿಡಿ. ಕಂಬದ ಹತ್ತಿರ ಯಾರೂ ಕೈ ಹಾಕಬೇಡಿ, ಲೈನ್‌ಮನ್ ಬರಲಿ.

ಹಿತ್ತಲಮನೆ_ಶಿರಸಿ:

ಎರಡನೇ ದಿನ ಲೈನ್‌ಮನ್ ಬಂದರು. ಮನೆಗೆ ಮೂರನೇ ಕಂಬದಲ್ಲಿ ನ್ಯೂಟ್ರಲ್ ಜಂಪರ್ (ತಂತಿಗಳನ್ನು ಜೋಡಿಸುವ ತುಂಡು) ಕರಕಲಾಗಿ ಎರಡು ಎಳೆಯ ಮೇಲೆ ನಿಂತಿತ್ತಂತೆ. ಕೆಳಗಿಳಿದು ಆ ತುಂಡನ್ನು ನನ್ನ ಕೈಗೆ ಕೊಟ್ಟರು. ಬೆರಳಲ್ಲಿ ಒತ್ತಿದರೆ ಬೂದಿಬಣ್ಣದ ಪುಡಿ ಉದುರಿತು. ಈಗ ಸಂಜೆ 226, ರಾತ್ರಿ 235. ಗ್ರೈಂಡರ್ ಶುರುವಾದರೂ ಲೈಟ್ ಅಲುಗುವುದಿಲ್ಲ. ಪಕ್ಕದ ಮನೆಯವರೂ ಈ ವರ್ಷ ಒಂದು ಟಿವಿ ಕಳೆದುಕೊಂಡಿದ್ದರು, ಅವರಿಗೂ ವಿಷಯ ಹೇಳಿದೆ.

ಬಚ್ಚಲ ಹೋಲ್ಡರನ್ನು ಬಾಗಿಲ ಪಕ್ಕದ ಗೋಡೆಗೆ, ಹಂಡೆಯಿಂದ ಐದು ಅಡಿ ದೂರ ಹಾಕಿಸಿದೆ. ಬುರುಡೆ ತೆಗೆಸಿದೆ, ನೀರು ಸಿಡಿಯದಷ್ಟು ಎತ್ತರದಲ್ಲಿದೆ. ಜಗಲಿಗೆ 12 ವ್ಯಾಟ್‌ನದು ಬಂತು. ಮಾವನವರು ಕುರ್ಚಿಯನ್ನು ಮತ್ತೆ ಹಳೆ ಜಾಗಕ್ಕೇ, ಕಂಬದ ಪಕ್ಕಕ್ಕೆ ಒಯ್ದರು. ಆರು ವರ್ಷದ ಹಳೆ ಬಲ್ಬ್ ಸೌದೆ ಕೊಟ್ಟಿಗೆಗೆ ಹೋಯಿತು, ಅಲ್ಲಿಗೆ ಆ ಬೆಳಕು ಧಾರಾಳ ಸಾಕು. ಹಳೆ ತಾರೀಖಿನ ಕೆಳಗೇ ಹೊಸ ತಾರೀಖು ಬರೆದಿದ್ದೇನೆ.