'ಮೆಲ್ಮಾತ್ ದಿ ವಾಂಡರರ್': ಒಳಕಥೆಗಳನ್ನು ಬಿಟ್ಟು ಓದಬಹುದೇ?

ಹೊತ್ತಿಗೆಪ್ರಿಯ
ಚಾರ್ಲ್ಸ್ ರಾಬರ್ಟ್ ಮ್ಯಾಟುರಿನ್‌ನ 'ಮೆಲ್ಮಾತ್ ದಿ ವಾಂಡರರ್' (1820) ಅರ್ಧ ಮುಗಿದಿದೆ. ಸ್ಪೇನಿನವನ ಕಥೆಯೊಳಗೆ ಇಮ್ಮಲೀ ಕಥೆ, ಅದರೊಳಗೆ ಗುಜ್ಮನ್ ಮನೆತನದ ಕಥೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವ ಎಳೆಯೇ ತಪ್ಪಿಹೋಗಿದೆ. ಒಳಕಥೆಗಳನ್ನು ಹಾರಿಸಿದರೆ ಏನಾದರೂ ಕಳೆದುಕೊಳ್ಳುತ್ತೇನಾ? ಇವನ ಬೇರೆ ಕಾದಂಬರಿಗಳಲ್ಲಿ ಮೊದಲು ಯಾವುದು? ಫ್ರೆಂಚ್ ಕಾದಂಬರಿಕಾರ ಬಾಲ್ಜಾಕ್, ಆಸ್ಕರ್ ವೈಲ್ಡ್ ಮೇಲೆ ಇವನ ಪ್ರಭಾವ ಇದೆ ಅಂತಾರೆ, ಅದು ನಿಜವಾಗಿ ಎಲ್ಲಿ ಕಾಣುತ್ತದೆ?

ಮಸಿಕುಡಿಕೆ
ದಯವಿಟ್ಟು ಹಾರಿಸಬೇಡಿ. ಪುಸ್ತಕದ ಜೀವ ಇರುವುದೇ ಅಲ್ಲಿ.

ಒಂದು ಹಾಳೆಯಲ್ಲಿ ನಾಲ್ಕು ಗೆರೆ ಹಾಕಿಕೊಳ್ಳಿ. ಎಲ್ಲಕ್ಕಿಂತ ಹೊರಗಿನದು 1816ರ ಐರ್ಲೆಂಡ್: ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ವಿದ್ಯಾರ್ಥಿ ಜಾನ್ ಮೆಲ್ಮಾತ್ ಸಾಯುತ್ತಿರುವ ಚಿಕ್ಕಪ್ಪನನ್ನು ನೋಡಲು ವಿಕ್ಲೋಗೆ ಬರುತ್ತಾನೆ. ಎರಡನೆಯದು ಹಡಗು ಒಡೆದು ದಡ ಸೇರಿದ ಸ್ಪೇನಿನವ ಮೊನ್ಸಾಡ ಜಾನ್‌ಗೆ ಬಾಯಾರೆ ಹೇಳುವ ತನ್ನ ಕಥೆ. ಮೂರನೆಯದು ಮ್ಯಾಡ್ರಿಡ್‌ನ ನೆಲಮಾಳಿಗೆಯಲ್ಲಿ ಅಡೋನೈಜಾ ಎಂಬ ಮುದುಕ ಅವನಿಗೆ ಕೊಡುವ ಹಸ್ತಪ್ರತಿ. ದ್ವೀಪದಲ್ಲಿ ಒಂಟಿಯಾಗಿ ಬೆಳೆದ ಇಮ್ಮಲೀ ಬರುವುದು ಇದರಲ್ಲಿ. ನಾಲ್ಕನೆಯದು ಆ ಹಸ್ತಪ್ರತಿಯೊಳಗೆ ಇಮ್ಮಲೀಯ ತಂದೆ ಅಲಿಯಾಗನಿಗೆ ಪ್ರಯಾಣದಲ್ಲಿ ಹೇಳಲಾಗುವ ಎರಡು ಕಥೆಗಳು, ಗುಜ್ಮನ್ ಮನೆತನದ್ದು ಮತ್ತು ಪ್ರೇಮಿಗಳದ್ದು. ಎರಡನೆಯದನ್ನು ಹೇಳುವವನು ಸಾಕ್ಷಾತ್ ಮೆಲ್ಮಾತ್, ಜಾನ್ ಅಲ್ಲ, ಅವನ ಪೂರ್ವಜನಾದ ಆ ಅಲೆಮಾರಿ. ಕಥೆಯ ಜತೆಗೆ, ಮಗಳನ್ನು ಉಳಿಸಿಕೋ ಎಂದು ಎಚ್ಚರಿಸುತ್ತಾನೆ. ತಂದೆ ಮಾತ್ರ ವ್ಯಾಪಾರದ ಹಿಂದೆ ಹೊರಟುಬಿಡುತ್ತಾನೆ. ಈ ಭಾಗ ಬಿಟ್ಟರೆ ಮುಂದಿನ ದುರಂತಕ್ಕೆ ಬುಡವೇ ಇರುವುದಿಲ್ಲ.

ಎಳೆ ತಪ್ಪುವುದಕ್ಕೆ ಬರೆದವನ ತಪ್ಪೂ ಇದೆ. ಇಮ್ಮಲೀ ಒಬ್ಬಳೇ ಇದ್ದಾಗಿನ ಮನಸ್ಸಿನ ಮಾತು ಹಸ್ತಪ್ರತಿ ಬರೆದವನಿಗೆ ಹೇಗೆ ತಿಳಿಯಿತು ಎಂಬುದಕ್ಕೆ ಉತ್ತರವಿಲ್ಲ. ಅಲ್ಲಿ ತಲೆ ಕೆಡಿಸಿಕೊಳ್ಳದೆ, ಪ್ರತಿ ಕಥೆಯಲ್ಲೂ ಒಂದೇ ಒಂದು ಗಳಿಗೆಗೆ ಕಾಯಿರಿ: ಎಲ್ಲ ದಾರಿಗಳೂ ಮುಚ್ಚಿಹೋದ ಮೇಲೆ ಮೆಲ್ಮಾತ್ ಬಂದು "ನನ್ನ ಜಾಗಕ್ಕೆ ನೀನು ಬಾ" ಎನ್ನುವ ಗಳಿಗೆ. ಆತ್ಮ ಒತ್ತೆಯಿಟ್ಟು 150 ವರ್ಷ ಹೆಚ್ಚುವರಿ ಆಯುಸ್ಸು ಪಡೆದವನು ಅವನು. ಒಪ್ಪಂದವನ್ನು ಇನ್ನೊಬ್ಬರಿಗೆ ದಾಟಿಸಿದರಷ್ಟೇ ಅವನಿಗೆ ಬಿಡುಗಡೆ. ಇಂಗ್ಲಿಷ್ ಪ್ರವಾಸಿ ಸ್ಟಾಂಟನ್‌ಗೆ ಹುಚ್ಚಾಸ್ಪತ್ರೆ, ಮೊನ್ಸಾಡನಿಗೆ ಇನ್‌ಕ್ವಿಸಿಷನ್ (ಕ್ಯಾಥೊಲಿಕ್ ಧರ್ಮವಿಚಾರಣೆಯ ನ್ಯಾಯಾಲಯ) ಸೆರೆಮನೆ, ಗುಜ್ಮನ್ ಕಥೆಯ ವಾಲ್‌ಬರ್ಗ್‌ಗೆ ಹಸಿವು. ಆ ಹಸಿವನ್ನು ನಿಧಾನವಾಗಿ ಓದಿ. ಮಗ ಎವರ್‌ಹಾರ್ಡ್ ಮನೆಯವರ ಹೊಟ್ಟೆಗಾಗಿ ಶಸ್ತ್ರವೈದ್ಯನಿಗೆ ತನ್ನ ರಕ್ತವನ್ನೇ ಮಾರುತ್ತಾನೆ. ಇಡೀ ಪುಸ್ತಕದಲ್ಲಿ ಇಷ್ಟು ಭಯ ಹುಟ್ಟಿಸುವ ಜಾಗ ಇನ್ನೊಂದಿಲ್ಲ, ಅದರಲ್ಲಿ ದೆವ್ವವಿಲ್ಲ, ಪಿಶಾಚಿಯಿಲ್ಲ. ಹೀಗಿದ್ದೂ ಯಾರೂ ಒಪ್ಪುವುದಿಲ್ಲ. ಯಾಕೆಂದರೆ ಕಾದಂಬರಿ ಹುಟ್ಟಿದ್ದೇ ಮ್ಯಾಟುರಿನ್‌ನ ಒಂದು ಪ್ರವಚನದಿಂದ. ಏನು ಕೊಟ್ಟರೂ ಮೋಕ್ಷದ ಆಸೆ ಬಿಟ್ಟುಕೊಡುವವರು ನಮ್ಮಲ್ಲಿ ಒಬ್ಬರೂ ಇಲ್ಲ ಎಂಬ ಮಾತಿನಿಂದ. ಮುನ್ನುಡಿಯಲ್ಲಿ ಅವನೇ ಹೇಳಿದ್ದಾನೆ.

ಹಳೆಮುದ್ರಣ
ಬೇರೆ ಕಾದಂಬರಿಗಳ ಬಗ್ಗೆ. ಮ್ಯಾಟುರಿನ್ ಚರ್ಚ್ ಆಫ್ ಐರ್ಲೆಂಡ್‌ನ ಪಾದ್ರಿ, ಡಬ್ಲಿನ್‌ನ ಸೇಂಟ್ ಪೀಟರ್ಸ್‌ನಲ್ಲಿ ಕೊನೆಯವರೆಗೂ ಬರೀ ಕ್ಯುರೇಟ್, ಅಂದರೆ ಸಹಾಯಕ ಪಾದ್ರಿ. ಹೆಸರು ಹೊರಬಿದ್ದರೆ ಚರ್ಚಿನಲ್ಲಿ ಬಡ್ತಿಗೆ ಕುತ್ತು ಎಂದು 'ಫೇಟಲ್ ರಿವೆಂಜ್' (1807) ಕಾದಂಬರಿಯನ್ನು ಡೆನ್ನಿಸ್ ಜಾಸ್ಪರ್ ಮರ್ಫಿ ಎಂಬ ಸುಳ್ಳು ಹೆಸರಲ್ಲಿ ತಂದ. ವಾಲ್ಟರ್ ಸ್ಕಾಟ್ 1810ರಲ್ಲಿ ಅದನ್ನು ವಿಮರ್ಶಿಸಿದ್ದರಿಂದಲೇ ಇಬ್ಬರ ನಡುವೆ ಪತ್ರವ್ಯವಹಾರ ಶುರುವಾಯಿತು. ಸ್ಕಾಟ್ ಮತ್ತು ಬೈರನ್ ಬೆಂಬಲದಿಂದ 'ಬರ್ಟ್ರಾಮ್' ನಾಟಕ 1816ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಗೆದ್ದಿತು, ಮುಖ್ಯ ಪಾತ್ರ ಎಡ್ಮಂಡ್ ಕೀನ್‌ದು. ಮರುವರ್ಷ ಕೋಲ್‌ರಿಜ್ ಅದನ್ನು ಖಾರವಾಗಿ ಖಂಡಿಸಿದ. ಗೆಲುವಿನ ಜತೆ ನಿಜವಾದ ಹೆಸರೂ ಬಯಲಾಯಿತು.

ಮೆಲ್ಮಾತ್ ನಂತರ 'ದಿ ಮೈಲೀಸಿಯನ್ ಚೀಫ್' (1812) ತೆಗೆದುಕೊಳ್ಳಿ, ಐರ್ಲೆಂಡಿನ ದಂಗೆ ಮತ್ತು ಕಳೆದುಹೋದ ಜಮೀನಿನ ನೋವು ಅಲ್ಲಿದೆ. ಮೆಲ್ಮಾತ್‌ನಲ್ಲೂ ಆ ನೆರಳಿದೆ, ಗಮನಿಸಿ: ಆ ಮನೆತನದ ಆಸ್ತಿಯೇ ಇಂಗ್ಲಿಷ್ ದಂಡನಾಯಕ ಕ್ರಾಮ್‌ವೆಲ್‌ನ ಸೈನ್ಯದ ಅಧಿಕಾರಿಗೆ ಸಿಕ್ಕ, ಬೇರೊಬ್ಬರಿಂದ ಕಿತ್ತುಕೊಂಡ ಭೂಮಿ. 'ಫೇಟಲ್ ರಿವೆಂಜ್' ಉದ್ದ, ಅದರ ಅಲೌಕಿಕಗಳಿಗೆಲ್ಲ ಕೊನೆಗೆ ಲೌಕಿಕ ವಿವರಣೆ ಬಂದುಬಿಡುತ್ತದೆ. ಅದು ಆಮೇಲಾದರೂ ಆದೀತು. ಮೊನ್ಸಾಡನ ಮಠದ ಅಧ್ಯಾಯಗಳನ್ನು ಓದುವಾಗ ಒಂದು ನೆನಪಿರಲಿ: 1824ರಲ್ಲಿ ಇದೇ ಮನುಷ್ಯ ಕ್ಯಾಥೊಲಿಕ್ ಚರ್ಚಿನ ವಿರುದ್ಧ ಐದು ಪ್ರವಚನಗಳನ್ನು ಅಚ್ಚು ಹಾಕಿಸಿದ. ಅವನ ಸ್ಪೇನ್ ಆ ಕಣ್ಣಿನಿಂದ ಕಂಡ ಸ್ಪೇನ್.

ಮಸಿಕುಡಿಕೆ
ಪ್ರಭಾವದ ಪ್ರಶ್ನೆ ಬಾಕಿ ಉಳಿಯಿತು. ಬಾಲ್ಜಾಕ್ 1835ರ 'ಮೆಲ್ಮಾತ್ ರೆಕಾನ್ಸಿಲಿಯೇ'ಯಲ್ಲಿ ಮ್ಯಾಟುರಿನ್‌ನ ಲೆಕ್ಕವನ್ನೇ ತಲೆಕೆಳಗು ಮಾಡುತ್ತಾನೆ. ಪ್ಯಾರಿಸ್‌ನ ಬ್ಯಾಂಕ್ ಕ್ಯಾಷಿಯರ್ ಕಾಸ್ತಾನಿಯೆ ಕೂಡಲೇ ಒಪ್ಪಿಬಿಡುತ್ತಾನೆ. ಆಮೇಲೆ ಆ ಒಪ್ಪಂದ ಷೇರುಪೇಟೆಯಲ್ಲಿ ಕೈಯಿಂದ ಕೈಗೆ ಹೋಗುತ್ತಾ ಬೆಲೆ ಇಳಿಸಿಕೊಳ್ಳುತ್ತದೆ. ರಷ್ಯನ್ ಕವಿ ಪುಷ್ಕಿನ್ 'ಯೆವ್ಗೆನಿ ಒನೇಗಿನ್'ನಲ್ಲಿ ಮೆಲ್ಮಾತ್‌ನನ್ನು ಹೆಸರಿಸುತ್ತಾನೆ. ಫ್ರೆಂಚ್ ಕವಿ ಬೋದಲೇರ್ ನಗೆಯ ಕುರಿತ ಪ್ರಬಂಧದಲ್ಲಿ ಅವನ ನಗುವನ್ನೇ ಮುಂದಿಟ್ಟುಕೊಂಡು ಚರ್ಚಿಸುತ್ತಾನೆ. ವೈಲ್ಡ್‌ನದು ರಕ್ತಸಂಬಂಧವೇ ಅಲ್ಲದಿದ್ದರೂ ನಂಟಸ್ತಿಕೆ: ಮ್ಯಾಟುರಿನ್‌ನ ಹೆಂಡತಿ ಹೆನ್ರಿಯೆಟಾ, ವೈಲ್ಡ್‌ನ ಅಜ್ಜಿಯ ಒಡಹುಟ್ಟಿದವಳು. 1897ರಲ್ಲಿ ಜೈಲಿನಿಂದ ಹೊರಬಂದವನು ಫ್ರಾನ್ಸಿನಲ್ಲಿ ಸೆಬಾಸ್ಟಿಯನ್ ಮೆಲ್ಮಾತ್ ಎಂಬ ಹೆಸರಿಟ್ಟುಕೊಂಡ. ಊರೂರು ಅಲೆಯುವ, ಯಾರೂ ಹತ್ತಿರ ಸೇರಿಸದ ಮನುಷ್ಯನಿಗೆ ಅಜ್ಜಿಯ ಕಡೆಯ ಮನೆಯಲ್ಲೇ ಹೆಸರು ಸಿದ್ಧವಿತ್ತು.

ಹೊತ್ತಿಗೆಪ್ರಿಯ
ತುಂಬಾ ಉಪಕಾರ. ಒಂದು ಅನುಮಾನ: ಯಾರೂ ಒಪ್ಪುವುದಿಲ್ಲ ಅಂದಿರಿ. ಇಮ್ಮಲೀ ಅವನನ್ನು ಮದುವೆಯಾಗುತ್ತಾಳಲ್ಲ?

ಹಳೆಮುದ್ರಣ
ಮದುವೆ ಬೇರೆ, ಒಪ್ಪಂದ ಬೇರೆ. ಅವಳು ಪ್ರೀತಿಯನ್ನು ಕೊಡುತ್ತಾಳೆ, ಆತ್ಮವನ್ನು ಕೊಡುವುದಿಲ್ಲ; ಇನ್‌ಕ್ವಿಸಿಷನ್ ಸೆರೆಮನೆಯ ಕೊನೆಯ ಭೇಟಿಯಲ್ಲೂ ಇಲ್ಲ. ಆದರೆ ಸಾಯುವಾಗ ಪಾದ್ರಿ ಸ್ವರ್ಗದ ಮಾತೆತ್ತಿದರೆ, ಅಲ್ಲಿ ಅವನಿರುತ್ತಾನಾ ಎಂದು ಕೇಳುತ್ತಾಳೆ. ಮದುವೆಯ ರಾತ್ರಿಯ ಪುಟಗಳಿಗೆ ಈಗಲೇ ಮರಳಿ ಹೋಗಿ: ಪಾಳುಬಿದ್ದ ಪ್ರಾರ್ಥನಾಲಯ, ಕತ್ತಲೆ, ಇಬ್ಬರ ಅಂಗೈಗಳನ್ನೂ ಕೂಡಿಸಿ ಹಿಡಿದ ಆ ಮೂರನೆಯವನ ಕೈ ಹೆಣದ ಕೈಯಷ್ಟು ತಣ್ಣಗಿರುತ್ತದೆ.