ಯುದ್ಧದಲ್ಲಿ ಸಿಕ್ಕಾಕೊಂಡ ಜನರ ಕಷ್ಟ ಗೇಮ್ ಆಡಿದ್ರೆ ಗೊತ್ತಾಗುತ್ತಾ?

ಮಲ್ನಾಡ್_ಹುಡ್ಗ:
ನನ್ ತಂಗಿ ಪಿಯುಸಿ ಓದ್ತಿದಾಳೆ. ಗಾಜಾ, ಸುಡಾನ್ ಸುದ್ದಿ ಬಂದ್ರೆ ಹಂಗೇ ಸ್ಕ್ರೋಲ್ ಮಾಡ್ಬಿಡ್ತಾಳೆ, ಅವಳನ್ನ ದೂರ್ತಿಲ್ಲ, ದಿನಾ ಅದೇ ನೋಡಿ ನೋಡಿ ಯಾರ ಮನಸ್ಸಾದ್ರೂ ಜಡ್ಡುಗಟ್ಟುತ್ತೆ. ಆದ್ರೆ ಗೇಮ್ ಅಂದ್ರೆ ಊಟ ಬಿಟ್ಟು ಕೂರ್ತಾಳೆ. ನಿರಾಶ್ರಿತರ ಬಗ್ಗೆ, ಯುದ್ಧದಲ್ಲಿ ನರಳೋ ಜನರ ಬಗ್ಗೆ ನಿಜವಾಗ್ಲೂ ತಟ್ಟೋ ಥರ ಗೇಮ್ ಇದಾವಾ? ಆಡಿರೋರು ಹೇಳಿ ಪ್ಲೀಸ್.

ರಾತ್ರಿಪಾಳಿ:
ದಿಸ್ ವಾರ್ ಆಫ್ ಮೈನ್. ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ತಂದಿದ್ದು, ಬೋಸ್ನಿಯಾ ಯುದ್ಧದಲ್ಲಿ 1992ರಿಂದ 1996ರ ತನಕ ಸರಾಯೆವೋಗೆ ಮುತ್ತಿಗೆ ಹಾಕಿದ್ರಲ್ಲ, ಅದರಿಂದ ಹುಟ್ಟಿದ ಗೇಮು. ಇಲ್ಲಿ ನೀವು ಸೈನಿಕ ಅಲ್ಲ, ಮುರುಕಲು ಮನೇಲಿ ಅಡಗಿರೋ ಅಡುಗೆಯವ್ನು, ಫುಟ್‌ಬಾಲ್ ಆಡ್ತಿದ್ದೋನು, ವರದಿಗಾರ್ತಿ, ಇಂಥೋರು. ಹಗಲು ಸ್ನೈಪರ್ ಭಯಕ್ಕೆ ಹೊರಗೆ ಕಾಲಿಡಂಗಿಲ್ಲ, ರಾತ್ರಿ ಹೋಗಿ ಊಟ ಔಷಧಿ ಹುಡುಕ್ಬೇಕು. ಒಂದು ಮನೇಲಿ ವಯಸ್ಸಾದ ಗಂಡ ಹೆಂಡ್ತಿ ಇಬ್ರೇ ಇರ್ತಾರೆ, ಊಟ ಇದೆ, ಔಷಧಿ ಇದೆ, ತಡೆಯೋ ಶಕ್ತಿ ಇಲ್ಲ, ಆ ಅಜ್ಜ ಬೇಡ ಬೇಡ ಅಂತ ಬೇಡ್ಕೋತಾನೆ, ಇತ್ತ ನಮ್ ಮನೇಲೊಬ್ಬ ಕಾಯಿಲೆ ಬಿದ್ದು ಮಲಗಿದಾನೆ. ದೋಚ್ಕೊಂಡು ಬಂದ್ರೆ ಗೇಮ್ ಬೈಯಲ್ಲ, ಆದ್ರೆ ಕದ್ದೋನೇ ಕುಗ್ಗಿ ಹೋಗ್ತಾನೆ. ನ್ಯೂಸ್ ನೋಡ್ವಾಗ ಈ ತೀರ್ಮಾನ ನಮ್ ತಲೆ ಮೇಲೆ ಬರಲ್ಲ, ಇಲ್ಲಿ ಬರುತ್ತೆ. 2020ರಲ್ಲಿ ಪೋಲೆಂಡ್ ಸರ್ಕಾರ ಇದನ್ನ ಶಾಲೆಯ ಓದಿನ ಪಟ್ಟಿಗೆ ಸೇರಿಸೋದಾಗಿ ಹೇಳ್ತು. ಯುರೋಪಲ್ಲಿ 18+ ರೇಟಿಂಗ್, ಅದು ನೆನಪಿರ್ಲಿ.

ಕೆಂಪುಮಣ್ಣು:
ತಟ್ಟುತ್ತೆ ಸರಿ, ಆಮೇಲೆ? 2006ರಲ್ಲಿ ಸುಡಾನಿನ ಡಾರ್ಫುರ್ ಪ್ರಾಂತ್ಯದ ಬಗ್ಗೆ ಡಾರ್ಫುರ್ ಈಸ್ ಡೈಯಿಂಗ್ ಅಂತ ಬ್ರೌಸರ್ ಗೇಮ್ ಬಂದಿತ್ತು, ಅಮೆರಿಕದ ವಿದ್ಯಾರ್ಥಿಗಳು ಮಾಡಿದ್ದು. ಕುಟುಂಬದಲ್ಲಿ ಒಬ್ಬರನ್ನ ಆರಿಸಿ ನೀರು ತರೋಕೆ ಕಳಿಸ್ಬೇಕು, ಜಂಜವೀದ್ ಅನ್ನೋ ಬಂದೂಕುಧಾರಿ ಗುಂಪಿನ ಕೈಗೆ ಸಿಕ್ಕಿದ್ರೆ ಮುಗೀತು. ಎಷ್ಟೋ ಜನ ಆಡಿದ್ರು. ಆ ಜಂಜವೀದ್‌ಗಳಿಂದಲೇ ಬೆಳೆದ ಆರ್‌ಎಸ್‌ಎಫ್ ಅನ್ನೋ ಅರೆಸೇನಾ ಪಡೆ 2023ರಿಂದ ಅದೇ ಡಾರ್ಫುರ್‌ನಲ್ಲಿ ಮತ್ತೆ ಜನರನ್ನ ಕೊಲ್ತಿದೆ. ಅರಿವು ಮೂಡಿಸಿದ್ವಿ ಅಂತ ಅಲ್ಲಿಗೇ ಕೈ ತೊಳ್ಕೊಂಡ್ರೆ ನನಗೆ ಸಂಕಟ ಆಗುತ್ತೆ.

ರಾತ್ರಿಪಾಳಿ:
@ಕೆಂಪುಮಣ್ಣು ಒಪ್ತೀನಿ, ಗೇಮ್ ಯುದ್ಧ ನಿಲ್ಲಿಸಲ್ಲ. ಆದ್ರೆ 2022ರಲ್ಲಿ ಉಕ್ರೇನ್ ಮೇಲೆ ದಾಳಿ ಆದಾಗ 11 ಬಿಟ್ ಕಂಪನಿ ದಿಸ್ ವಾರ್ ಆಫ್ ಮೈನ್ ಗೇಮಿನ ಒಂದು ವಾರದ ಲಾಭ ಪೂರ್ತಿ ಉಕ್ರೇನ್ ರೆಡ್‌ಕ್ರಾಸ್‌ಗೆ ಕೊಡ್ತು, 8 ಲಕ್ಷ ಡಾಲರ್ ಮೇಲೆ. ಅದರಿಂದ ಯಾರಿಗೋ ಬ್ಯಾಂಡೇಜ್ ಬಂದಿರುತ್ತೆ.

ಸುಮ್ನೆ_ಓದುಗ:
ನಾನು ನೋಡೋದು ಯಾರು ಮಾಡಿದ್ರು ಅಂತ. ಲೈಲಾ ಅಂಡ್ ದ ಶಾಡೋಸ್ ಆಫ್ ವಾರ್ ಪ್ಯಾಲೆಸ್ಟೀನ್‌ನ ರಶೀದ್ ಅಬುಈದೆ ಮಾಡಿದ್ದು, 2014ರ ಗಾಜಾ ಯುದ್ಧದ ಮೇಲೆ, ಪುಟ್ಟ ಮೊಬೈಲ್ ಗೇಮು. ಮಗಳನ್ನ ಕರ್ಕೊಂಡು ಓಡೋ ಅಪ್ಪನ ಕಥೆ. 2016ರಲ್ಲಿ ಆಪಲ್ ಇದನ್ನ ಗೇಮ್ ವಿಭಾಗಕ್ಕೆ ಸೇರಿಸಲ್ಲ ಅಂತು, ಜನ ಗಲಾಟೆ ಮಾಡಿದ್ಮೇಲೆ ಒಪ್ತು. ಪಿಯು ಹುಡ್ಗಿಗೆ 'ಬರಿ ಮಿ, ಮೈ ಲವ್' ಅನ್ನೋ ಗೇಮ್ ಕೂಡ ಚೆನ್ನಾಗಿದೆ, ಸಿರಿಯಾ ಬಿಟ್ಟು ಹೊರಟ ನೂರ್ ಫೋನಲ್ಲಿ ಗಂಡನಿಗೆ ಮೆಸೇಜ್ ಕಳಿಸ್ತಾ ಹೋಗ್ತಾಳೆ, ಒಮ್ಮೊಮ್ಮೆ ಗಂಟೆಗಟ್ಟಲೆ ಮೆಸೇಜೇ ಬರಲ್ಲ, ನಾವು ಕಾಯ್ಬೇಕು.

ಮಲ್ನಾಡ್_ಹುಡ್ಗ:
ಥ್ಯಾಂಕ್ಸ್ ಎಲ್ರಿಗೂ. ನೂರ್ ಗೇಮಿಂದ ಶುರು ಮಾಡ್ತೀವಿ, ನಾನೂ ಜೊತೇಲೇ ಆಡ್ತೀನಿ. ಸುಡಾನ್‌ಗೆ ಇಲ್ಲಿಂದ ದುಡ್ಡು ಕಳಿಸೋಕೆ ನಂಬಿಕಸ್ತ ದಾರಿ ಯಾವ್ದಾದ್ರೂ ಗೊತ್ತಿದ್ರೆ ಅದನ್ನೂ ಹಾಕಿ.