ಶರತ್ಕಾಲದ ಬೇಟೆಹಕ್ಕಿ ಎಣಿಕೆ: ಇಬ್ಬರ ಲೆಕ್ಕ ತಾಳೆಯಾಗುತ್ತಿಲ್ಲ

ಪ್ರಶ್ನೆ:
ನಗರದ ಉದ್ಯಾನವೊಂದರ ದಿಬ್ಬದ ಮೇಲಿನಿಂದ ನಾನೂ ನನ್ನ ಸ್ನೇಹಿತರೊಬ್ಬರೂ ವಲಸೆ ಹೋಗುವ ಬೇಟೆಹಕ್ಕಿಗಳನ್ನು ಎಣಿಸುತ್ತಿದ್ದೇವೆ. ಅಕ್ಕಪಕ್ಕದಲ್ಲೇ ನಿಂತಿದ್ದರೂ ದಿನದ ಕೊನೆಗೆ ನನ್ನ ಲೆಕ್ಕ ಅವರದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಹಕ್ಕಿಗಳು ಗುಂಪಾಗಿ ಸುತ್ತುತ್ತ ಮೇಲೇರುವಾಗಲೇ ಗೊಂದಲ ಹೆಚ್ಚು. ಅದಲ್ಲದೆ, ಮಧ್ಯಾಹ್ನದ ಹೊತ್ತಿಗೆ ಆಕಾಶ ಬರಿದಾದಂತೆ ಕಾಣುತ್ತದೆ. ನಮ್ಮಲ್ಲಿರುವುದು 8×42 ಬೈನಾಕ್ಯುಲರ್ (ಎಂಟು ಪಟ್ಟು ವರ್ಧನೆ, 42 ಮಿ.ಮೀ. ಅಗಲದ ಮುಂಭಾಗದ ಮಸೂರ). ದೋಷ ಉಪಕರಣದ್ದೋ, ವಿಧಾನದ್ದೋ?

ಉತ್ತರ 1:
ವಿಧಾನದ್ದೆಂದೇ ನನ್ನ ಅನಿಸಿಕೆ. ಬಿಸಿಯಾದ ನೆಲದಿಂದ ಮೇಲೇಳುವ ಗಾಳಿಯನ್ನು ಹಿಡಿದು ಸುತ್ತುತ್ತಿರುವ ಗುಂಪನ್ನು ಎಣಿಸಲು ಹೋದರೆ, ಒಂದೇ ಹಕ್ಕಿ ಎರಡು ಮೂರು ಸಲ ಲೆಕ್ಕಕ್ಕೆ ಬರುತ್ತದೆ, ಮತ್ತೊಂದರ ಹಿಂದೆ ಮರೆಯಾದದ್ದು ಬಿಟ್ಟೇ ಹೋಗುತ್ತದೆ. ಸುತ್ತುವಷ್ಟು ಹೊತ್ತು ಸುಮ್ಮನೆ ಕಾಯಿರಿ. ಸಾಕಷ್ಟು ಎತ್ತರ ತಲುಪಿದ ಮೇಲೆ ಅವು ರೆಕ್ಕೆ ಬಡಿಯದೆ, ಒಂದರ ಹಿಂದೆ ಒಂದಾಗಿ, ಮುಂದಿನ ಬಿಸಿಗಾಳಿಯ ಕಡೆಗೆ ಜಾರತೊಡಗುತ್ತವೆ. ಎಣಿಸಬೇಕಾದದ್ದು ಆ ಸಾಲನ್ನು. ದೂರದ ಎರಡು ಕಟ್ಟಡಗಳ ನಡುವೆ ಒಂದು ಕಾಲ್ಪನಿಕ ಗೆರೆಯನ್ನು ಇಬ್ಬರೂ ಒಪ್ಪಿಕೊಂಡು, ಅದನ್ನು ದಾಟಿದ ಹಕ್ಕಿಯನ್ನು ಮಾತ್ರ ಸೇರಿಸಿ, ಮರಳಿ ಬಂದದ್ದನ್ನು ಕಳೆಯಿರಿ. ಮೆಕ್ಸಿಕೋದ ವೆರಾಕ್ರೂಜ್‌ನಲ್ಲಿ ಒಂದೇ ಶರತ್ಕಾಲದಲ್ಲಿ ಹತ್ತಾರು ಲಕ್ಷ ಬೇಟೆಹಕ್ಕಿಗಳು ಎಣಿಕೆಗೆ ಸಿಗುವುದೂ ಹೀಗೆ ಹರಿದುಹೋಗುವ ಸಾಲುಗಳಿಂದಲೇ.

ಉತ್ತರ 2:
ಮೇಲಿನ ಮಾತಿಗೆ ಒಂದು ಸೇರ್ಪಡೆ. ನಗರವೆಂದಮೇಲೆ ಅಲ್ಲೇ ನೆಲೆಸಿದ ಹದ್ದುಗಳು ಇರಬಹುದು. ಅವೂ ಅದೇ ಬಿಸಿಗಾಳಿಯಲ್ಲಿ ಸುತ್ತುತ್ತವೆಯಾದರೂ ಮತ್ತೆ ಮತ್ತೆ ಅದೇ ಜಾಗಕ್ಕೆ ಇಳಿಯುತ್ತವೆ. ನಿಮ್ಮಲ್ಲಿ ಒಬ್ಬರು ಇವನ್ನು ಸೇರಿಸುತ್ತಿರಬಹುದೇ ಎಂದು ನೋಡಿ. ಮಧ್ಯಾಹ್ನದ ವಿಷಯದಲ್ಲಿ, ಹಕ್ಕಿಗಳು ಇಲ್ಲವೆಂದು ತೀರ್ಮಾನಿಸಬೇಡಿ. ನೆಲ ಕಾದಷ್ಟೂ ಬಿಸಿಗಾಳಿ ಎತ್ತರಕ್ಕೆ ಹೋಗುತ್ತದೆ, ಹಕ್ಕಿಯೂ ಬರಿಗಣ್ಣಿಗೆ ನಿಲುಕದಷ್ಟು ಮೇಲಿರುತ್ತದೆ. ಬರೀ ನೀಲಿಯನ್ನು ನೋಡುವ ಕಣ್ಣು ತನಗರಿವಿಲ್ಲದೆಯೇ ಹತ್ತಿರಕ್ಕೆ ಹೊಂದಿಕೊಂಡುಬಿಡುವುದರಿಂದ, ಬೈನಾಕ್ಯುಲರನ್ನು ಮೊದಲು ದೂರದ ಮೋಡಕ್ಕೆ ಸರಿಪಡಿಸಿಕೊಂಡು, ಮೋಡದ ಅಂಚಿನುದ್ದಕ್ಕೂ ನಿಧಾನವಾಗಿ ಸಾಗಿಸಿ. ಸೂರ್ಯನ ಬಳಿಗೆ ಮಾತ್ರ ಅದನ್ನು ಒಯ್ಯಲೇಬಾರದು. 10×42 ಕೊಳ್ಳುವ ಅವಸರ ಬೇಡ: ವರ್ಧನೆ ಹೆಚ್ಚಿದಷ್ಟೂ ಕೈನಡುಕ ಎದ್ದು ಕಾಣುತ್ತದೆ, ನೋಟದ ಹರವೂ ಸಾಮಾನ್ಯವಾಗಿ ಕಿರಿದಾಗುತ್ತದೆ.

ಪ್ರಶ್ನಿಸಿದವರು:
ಇಬ್ಬರಿಗೂ ಕೃತಜ್ಞತೆಗಳು. ಗೆರೆಯನ್ನು ಗೊತ್ತುಮಾಡಿಕೊಂಡು ಮೂರು ದಿನ ಎಣಿಸಿದೆವು. ಈಗ ವ್ಯತ್ಯಾಸ ಬೆರಳೆಣಿಕೆಯಷ್ಟು ಮಾತ್ರ. ಸ್ಥಳೀಯ ಹದ್ದುಗಳನ್ನು ಸೇರಿಸುತ್ತಿದ್ದವನು, ನಾಚಿಕೆಯಿಂದಲೇ ಹೇಳುತ್ತೇನೆ, ನಾನೇ. ಒಂದು ಸಂದೇಹ ಉಳಿದಿದೆ: ಮೋಡದಂಚಿನಲ್ಲಿ ಈಗ ಕಾಣಸಿಗುವ ಚುಕ್ಕೆಗಳು ಗಿಡುಗವೋ ಚಾಣವೋ ತಿಳಿಯದಿದ್ದಾಗ ಬಿಟ್ಟುಬಿಡಬೇಕೇ?

ಉತ್ತರ 1:
ಬಿಡಬೇಡಿ, ಊಹಿಸಿ ಹೆಸರನ್ನೂ ಬರೆಯಬೇಡಿ. ‘ಗುರುತಿಸಲಾಗದ ಬೇಟೆಹಕ್ಕಿ’ ಎಂಬ ಪ್ರತ್ಯೇಕ ಅಂಕಣದಲ್ಲಿ ಸಂಖ್ಯೆಯನ್ನು ದಾಖಲಿಸಿ. ಜೊತೆಗೆ ಪ್ರತಿ ಗಂಟೆಯ ಗಾಳಿಯ ದಿಕ್ಕು, ಮೋಡದ ಪ್ರಮಾಣ ಮತ್ತು ಎಷ್ಟು ನಿಮಿಷ ನೋಡಿದಿರಿ ಎಂಬುದನ್ನೂ ಬರೆದಿಡಿ. ಒಂದೂ ಹಕ್ಕಿ ದಾಟದ ಗಂಟೆಗೆ ಸೊನ್ನೆಯನ್ನೇ ಹಾಕಿ, ಖಾಲಿ ಬಿಟ್ಟರೆ ಆ ಹೊತ್ತು ನೀವು ಅಲ್ಲಿರಲಿಲ್ಲವೆಂದಾಗುತ್ತದೆ.